ಮೋಟಿನಿಂದ ರೋಲರಿನವರೆಗೆ: ಜತ್ತ ಸೀಮೆಯಲ್ಲಿ ಜಗ್ಗುವ ಬಲದ ಲೆಕ್ಕ

ಮಳೆ ಕಡಿಮೆ, ನೀರು ಆಳ, ಸಂತೆ ದೂರ ಎಂಬ ಮೂರು ಸಂಗತಿಗಳು ಒಟ್ಟಿಗೆ ಕೂಡಿದ ಸೀಮೆಯಲ್ಲಿ ಜಗ್ಗುವ ಬಲವೇ ಒಕ್ಕಲುತನದ ಮೊದಲ ಬಂಡವಾಳವಾಗುತ್ತದೆ. ಬಂಡವಾಳವಾದ ಮೇಲೆ ಅದನ್ನು ಎಣಿಸುವ, ಹೋಲಿಸುವ, ಅದಕ್ಕೆ ಬೆಲೆ ಕಟ್ಟುವ ಪದ್ಧತಿಗಳೂ ತಾವಾಗಿಯೇ ಬೆಳೆಯುತ್ತವೆ. ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆಯ ಪೂರ್ವದ ಅಂಚಿನಲ್ಲಿರುವ, ವಿಜಯಪುರ ಮತ್ತು ಬೆಳಗಾವಿ ಜಿಲ್ಲೆಗಳಿಗೆ ತಾಗಿಕೊಂಡಿರುವ ಜತ್ತ ತಾಲ್ಲೂಕು ಅಂಥ ಒಂದು ಸೀಮೆ. ಉಮದಿ, ಸಂಖ, ಮಾಡಗ್ಯಾಳ, ಗುಡ್ಡಾಪುರ, ತಿಕ್ಕುಂಡಿ ಮೊದಲಾದ ಊರುಗಳಲ್ಲಿ ಮನೆಮಾತು ಕನ್ನಡವಾಗಿದ್ದು, ಕಚೇರಿಯ ಕಾಗದ ಮರಾಠಿಯಲ್ಲಿದೆ. ಸಹ್ಯಾದ್ರಿಯ ಮಳೆನೆರಳಿನಲ್ಲಿ ಬಿದ್ದಿರುವ ಇಲ್ಲಿನ ನೆಲದಲ್ಲಿ ಜಿರಾಯತ, ಅಂದರೆ ಮಳೆಯನ್ನೇ ನಂಬಿದ ಬೇಸಾಯ, ಹೆಚ್ಚು. ಬಾಗಾಯತ, ಅಂದರೆ ಬಾವಿಯ ನೀರಿನ ಬೇಸಾಯ, ಕಡಿಮೆ. ಇಂದು ಈ ಸೀಮೆಯ ರಸ್ತೆಗಳಲ್ಲಿ ದ್ರಾಕ್ಷಿ, ದಾಳಿಂಬೆ, ಕುರಿ, ಮೇವು, ನೀರಿನ ಬ್ಯಾರಲ್ಲು ಎಲ್ಲವನ್ನೂ ಹೊತ್ತು ಓಡುವ ಪಿಕಪ್ ಗಾಡಿಗೆ ಎಷ್ಟು ಅಶ್ವಶಕ್ತಿ ಇದೆ, ಎಂಜಿನ್ನನ್ನು ಮಾರ್ಪಡಿಸಿದ ಮೇಲೆ ಎಷ್ಟು ಹೆಚ್ಚಾಯಿತು ಎಂಬ ಪ್ರಶ್ನೆ ಹೊಸದಾಗಿ ಕಂಡರೂ, ಅದರ ಬೇರುಗಳು ಇದೇ ಸೀಮೆಯ ಬಾವಿಕಟ್ಟೆಯಲ್ಲಿಯೂ ದನದ ಪೇಟೆಯಲ್ಲಿಯೂ ಇವೆ.

ಬ್ರಿಟಿಷರ ಕಾಲದಲ್ಲಿ ಜತ್ತ ಒಂದು ಸಂಸ್ಥಾನವಾಗಿತ್ತು. ದೇಶಮುಖ ಎಂಬ ಬಿರುದಿನ ಡಫಳೆ ಮನೆತನ ಅದನ್ನು ಆಳುತ್ತಿತ್ತು. ಸಣ್ಣ ಡಫಳಾಪುರ ಸಂಸ್ಥಾನದೊಡನೆ ಸೇರಿಸಿ ಅದನ್ನು ವಿಜಾಪುರ ಏಜೆನ್ಸಿ ಎಂದು ಕರೆದು, ವಿಜಾಪುರದ, ಅಂದರೆ ಇಂದಿನ ವಿಜಯಪುರದ, ಕಲೆಕ್ಟರರ ಮೇಲ್ವಿಚಾರಣೆಗೆ ಒಪ್ಪಿಸಲಾಗಿತ್ತು. ಎರಡೂ ಸೇರಿ ವಿಸ್ತೀರ್ಣ ಸುಮಾರು 980 ಚದರ ಮೈಲಿ; 1901ರ ಜನಗಣತಿಯಲ್ಲಿ ಜನಸಂಖ್ಯೆ 68,665, ಅಂದರೆ ಬರಗಾಲಗಳು ಮೇಲಿಂದ ಮೇಲೆ ಎರಗಿದ ಆ ಹತ್ತು ವರ್ಷಗಳಲ್ಲಿ ಶೇಕಡಾ 14ರಷ್ಟು ಇಳಿಕೆ. ಬೇಸಾಯ ಮತ್ತು ದನ ಸಾಕಣೆಯನ್ನು ಬಿಟ್ಟರೆ ಹೇಳಿಕೊಳ್ಳುವಂಥ ಕೈಗಾರಿಕೆ ಇಲ್ಲವೆಂದು ಅಂದಿನ ದಾಖಲೆಗಳು ಒಂದೇ ಸಾಲಿನಲ್ಲಿ ಮುಗಿಸಿಬಿಡುತ್ತವೆ. ಆದರೆ ಆ ದನ ಸಾಕಣೆಯೇ ಈ ಭಾಗದ ಶಕ್ತಿ ಉತ್ಪಾದನೆಯಾಗಿತ್ತು. ಇಲ್ಲಿ ಹುಟ್ಟಿ ಬೆಳೆದ ಹೋರಿಕರುಗಳು ದೂರದ ಊರುಗಳ ಗಳೆ, ಗಾಡಿ, ಬಾವಿಗಳಿಗೆ ಬಲವಾಗಿ ಮಾರಾಟವಾಗುತ್ತಿದ್ದವು. 1948ರಲ್ಲಿ ಸಂಸ್ಥಾನ ಮುಂಬಯಿ ಪ್ರಾಂತದಲ್ಲಿ ವಿಲೀನವಾಯಿತು. ಜತ್ತವನ್ನೂ ಒಳಗೊಂಡು 1949ರಲ್ಲಿ ರಚನೆಯಾದ ದಕ್ಷಿಣ ಸಾತಾರ ಜಿಲ್ಲೆಗೆ 1960ರಲ್ಲಿ ಸಾಂಗ್ಲಿ ಎಂಬ ಹೆಸರು ಬಂತು.

ಈ ಭಾಗದ ಎತ್ತುಗಳಲ್ಲಿ ಎರಡು ತಳಿಗಳನ್ನು ಬೇರೆಯಾಗಿ ಗಮನಿಸಬೇಕು. ಮೊದಲನೆಯದು ಕಿಲಾರಿ. ನೆರೆಯ ಆಟಪಾಡಿ, ಮ್ಹಸವಡ ಭಾಗಗಳಿಂದ ಹಿಡಿದು ವಿಜಾಪುರದವರೆಗೆ ಹರಡಿರುವ ಈ ತಳಿ ಬೂದು ಬೆರೆತ ಬಿಳಿ ಮೈ, ಹಿಂದಕ್ಕೆ ಬಾಗಿ ಮೇಲೇರುವ ಉದ್ದ ಕೊಂಬು, ಬಿಗಿಯಾದ ಕಟ್ಟು ಮತ್ತು ಚುರುಕು ನಡಿಗೆಗೆ ಹೆಸರಾಗಿದೆ. ಎರಡನೆಯದು ಕೃಷ್ಣಾ ಕಣಿವೆಯ ತಳಿ. ಕಾಲಿಗೆ ಅಂಟುವ ಎರೆಮಣ್ಣಿನಲ್ಲಿ ಭಾರವಾದ ನೇಗಿಲನ್ನು ಎಳೆಯಬಲ್ಲ ದೈತ್ಯ ಎತ್ತು ಬೇಕೆಂದು ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಸಾಂಗ್ಲಿ, ಮಿರಜ ಮುಂತಾದ ದಕ್ಷಿಣ ಮರಾಠಾ ಸಂಸ್ಥಾನಗಳ ಆಶ್ರಯದಲ್ಲಿ, ಗೀರ್, ಓಂಗೋಲ್‌ನಂಥ ಹೊರಗಿನ ತಳಿಗಳ ರಕ್ತವನ್ನು ಸ್ಥಳೀಯ ತಳಿಗಳೊಡನೆ ಕೂಡಿಸಿ ಇದನ್ನು ಬೆಳೆಸಲಾಯಿತು. ಕೃಷ್ಣಾ ಕಣಿವೆಯ ಎತ್ತು ನಿಧಾನವಾಗಿ ನಡೆದರೂ ಹೆಚ್ಚು ಭಾರ ಎಳೆಯುತ್ತದೆ; ಕಿಲಾರಿ ಅಷ್ಟು ಭಾರ ಎಳೆಯದಿದ್ದರೂ ಬೇಗ ನಡೆಯುತ್ತದೆ. ಎಳೆತ ಬೇರೆ, ಎಳೆಯುತ್ತ ಸಾಗುವ ವೇಗ ಬೇರೆ, ಎರಡರ ಗುಣಲಬ್ಧವೇ ಶಕ್ತಿ ಎಂಬ ಯಂತ್ರಶಾಸ್ತ್ರದ ಮೊದಲ ಪಾಠ ಈ ಎರಡು ಕೊಟ್ಟಿಗೆಗಳ ನಡುವಿನ ವ್ಯತ್ಯಾಸದಲ್ಲಿಯೇ ಅಡಗಿದೆ. ಪಿಕಪ್ಪಿನ ಪರೀಕ್ಷಾ ಪತ್ರಿಕೆಯಲ್ಲಿ ಟಾರ್ಕ್ ಮತ್ತು ಅಶ್ವಶಕ್ತಿ ಎಂಬ ಎರಡು ಬೇರೆ ಗೆರೆಗಳು ಕಾಣುವುದಕ್ಕೂ ಇದೇ ಕಾರಣ.

ಜತ್ತದ ಯಲ್ಲಮ್ಮನ ಜಾತ್ರೆಯಂಥ ದನದ ಪೇಟೆಗಳಲ್ಲಿ ಎತ್ತಿನ ಬಲವನ್ನು ಅಂದಾಜು ಮಾಡುವುದು ಕಣ್ಣು ಮತ್ತು ಕೈಯ ವಿದ್ಯೆಯಾಗಿತ್ತು. ಬಾಯಿ ಬಿಡಿಸಿ ಎರಡು ಹಲ್ಲು, ನಾಲ್ಕು ಹಲ್ಲು, ಆರು ಹಲ್ಲು, ಬಾಯ್ಗೂಡಿದ್ದು ಎಂದು ವಯಸ್ಸು ತಿಳಿಯುತ್ತಿದ್ದರು, ಸುಳಿ ನೋಡುತ್ತಿದ್ದರು, ಹೆಗಲಿನ ಗಟ್ಟಿ, ಗೊರಸಿನ ಕಟ್ಟು, ನಡಿಗೆಯ ಹದ ನೋಡಿ, ಗಾಡಿಗೆ ಹೂಡಿ ಪರೀಕ್ಷಿಸಿ, ಕೊನೆಗೆ ದಲಾಲಿಯ ಟವೆಲ್ಲಿನ ಅಡಿಯಲ್ಲಿ ಬೆರಳು ಹಿಡಿದು ಬೆಲೆ ಕಟ್ಟುತ್ತಿದ್ದರು. ಕಾರಹುಣ್ಣಿಮೆಯಂದು, ಮರಾಠಿ ಮಾತಿನ ನೆರೆಯವರು ಕರ್ನಾಟಕಿ ಬೇಂದೂರ ಎನ್ನುವ ಹಬ್ಬದ ದಿನ, ಕರಿ ಹರಿಯುವ ಓಟದಲ್ಲಿ ಬಿಳಿ ಎತ್ತು ಮುಂದಾದರೆ ಬಿಳಿಜೋಳ ಚೆನ್ನಾಗಿ ಬರುತ್ತದೆಂದು ಹೇಳುವ ರೂಢಿಯಿತ್ತು. ಆದರೆ ಹಬ್ಬದ ಓಟ ವೇಗವನ್ನು ಮಾತ್ರ ತೋರಿಸುತ್ತದೆ. ಎಳೆತ, ದೂರ, ಕಾಲ ಮೂರನ್ನೂ ಕೂಡಿಸಿ ನೋಡುವ ಪರೀಕ್ಷೆ ಕಲ್ಲು ಜಗ್ಗುವ ಪಂದ್ಯ: ಒಂದೇ ತೂಕದ ಕಲ್ಲನ್ನು ಗೊತ್ತುಪಡಿಸಿದ ವೇಳೆಯೊಳಗೆ ಯಾವ ಜೋಡಿ ಹೆಚ್ಚು ದೂರ ಎಳೆಯಿತೋ ಅದಕ್ಕೆ ಬಹುಮಾನ. ಶಕ್ತಿಯೆಂದರೆ ಒಂದು ನಿರ್ದಿಷ್ಟ ಕಾಲದಲ್ಲಿ ಮಾಡಿದ ಕೆಲಸ ಎಂಬ ವ್ಯಾಖ್ಯೆಗೆ ಇದಕ್ಕಿಂತ ಸರಳವಾದ ಪ್ರಯೋಗ ಸಿಗುವುದು ಕಷ್ಟ. 2014ರ ಮೇ 7ರ ಸುಪ್ರೀಂ ಕೋರ್ಟ್ ತೀರ್ಪಿನಿಂದ ನಿಂತಿದ್ದ ಎತ್ತಿನ ಗಾಡಿಯ ಶರ್ಯತ್ತುಗಳಿಗೆ ಮಹಾರಾಷ್ಟ್ರದಲ್ಲಿ 2021ರ ಡಿಸೆಂಬರಿನಲ್ಲಿ ಮತ್ತೆ ಅನುಮತಿ ದೊರೆತು, 2023ರ ಮೇ 18ರಂದು ಸಂವಿಧಾನ ಪೀಠ ರಾಜ್ಯದ ತಿದ್ದುಪಡಿ ಕಾಯಿದೆಯನ್ನು ಎತ್ತಿಹಿಡಿಯಿತು.

ಪಂದ್ಯಕ್ಕಿಂತ ನಿತ್ಯದ್ದಾದ, ಹೆಚ್ಚು ನಂಬಬಹುದಾದ ಅಳತೆ ಕಪಿಲೆಯದು. ಎತ್ತುಗಳ ಬಲದಿಂದ ಬಾವಿಯ ನೀರನ್ನು ಚರ್ಮದ ಬಾನಿಯಲ್ಲಿ ಮೇಲೆತ್ತುವ ಈ ಸಾಧನಕ್ಕೆ ಮರಾಠಿಯಲ್ಲಿ ಮೋಟ್ ಎನ್ನುತ್ತಾರೆ. ಬಾವಿಯ ಬಾಯಿಯಲ್ಲಿ ನಿಲ್ಲಿಸಿದ ಗಾಲಿಯ ಮೇಲೆ ಹಗ್ಗ ಹಾಯುತ್ತದೆ. ಅದರ ಒಂದು ತುದಿಗೆ ಬಾನಿ, ಇನ್ನೊಂದು ತುದಿಗೆ ನೊಗ. ಎತ್ತುಗಳು ಬಾವಿಯಿಂದ ದೂರಕ್ಕೆ ಇಳಿಜಾರಿನಲ್ಲಿ ನಡೆದರೆ ಬಾನಿ ಮೇಲೇರಿ ದೋಣಿಗೆ ನೀರು ಸುರಿಯುತ್ತದೆ, ಹಿಂದಕ್ಕೆ ಬಂದರೆ ಬರಿದಾದ ಬಾನಿ ಕೆಳಗಿಳಿಯುತ್ತದೆ. ನೆಲವನ್ನು ಇಳಿಜಾರು ಮಾಡಿದ್ದರಿಂದ ಎತ್ತಿನ ಮೈಭಾರವೂ ಎಳೆತಕ್ಕೆ ಕೂಡಿಕೊಳ್ಳುತ್ತಿತ್ತು. ಬಾನಿ ಏರಿದಷ್ಟೇ ದೂರ ಎತ್ತು ನಡೆಯಬೇಕಾಗಿದ್ದರಿಂದ ಇಳಿಜಾರಿನ ಉದ್ದ ನೋಡಿದರೆ ಬಾವಿಯ ಆಳ ತಿಳಿಯುತ್ತಿತ್ತು. ಬಾವಿಯ ಸಾಮರ್ಥ್ಯವನ್ನು ಹೇಳುವಾಗ ಒಂದು ಮೋಟಿನ ಬಾವಿ, ಎರಡು ಮೋಟಿನ ಬಾವಿ ಎಂದು ಒಮ್ಮೆಗೆ ನಡೆಯುವ ಮೋಟುಗಳನ್ನೇ ಎಣಿಸುತ್ತಿದ್ದರು. ಸಾತಾರದ ಹತ್ತಿರದ ಲಿಂಬ ಗ್ರಾಮದಲ್ಲಿರುವ, ಶಾಹೂ ಮಹಾರಾಜರ ಕಾಲದ ಪ್ರಸಿದ್ಧ ಬಾವಿಗೆ ಇಂದಿಗೂ ‘ಬಾರಾ ಮೋಟೇಚಿ ವಿಹೀರ್’, ಅಂದರೆ ಹನ್ನೆರಡು ಮೋಟಿನ ಬಾವಿ, ಎಂಬ ಹೆಸರೇ ಉಳಿದಿದೆ. ಇಂದು ಐದು ಎಚ್‌ಪಿ ಮೋಟರು, ಏಳೂವರೆ ಎಚ್‌ಪಿ ಮೋಟರು ಎನ್ನುವಂತೆ ಅಂದು ಮೋಟ್ ಎಂಬುದೇ ಬಲದ ಮಾನವಾಗಿತ್ತು.

ಈ ಮಾನವನ್ನು ಇಂದಿನ ಲೆಕ್ಕಕ್ಕೆ ತಂದು ನೋಡಬಹುದು. ಬಾನಿಯಲ್ಲಿ 150 ಲೀಟರ್ ನೀರು ಹಿಡಿಯುತ್ತದೆ, ನೀರು 10 ಮೀಟರ್ ಆಳದಲ್ಲಿದೆ, ಎತ್ತುಗಳು ಇಳಿಜಾರನ್ನು 20 ಸೆಕೆಂಡಿನಲ್ಲಿ ಇಳಿಯುತ್ತವೆ ಎಂದಿಟ್ಟುಕೊಂಡರೆ, ಸೆಕೆಂಡಿಗೆ 75 ಕಿಲೋಗ್ರಾಂ ಭಾರವನ್ನು ಒಂದು ಮೀಟರ್ ಎತ್ತರಕ್ಕೆ ಏರಿಸಿದಂತಾಯಿತು. ಮೆಟ್ರಿಕ್ ಪದ್ಧತಿಯಲ್ಲಿ ಒಂದು ಅಶ್ವಶಕ್ತಿಯ ವ್ಯಾಖ್ಯೆ ಸರಿಯಾಗಿ ಇಷ್ಟೇ. ಆದರೆ ಬಾನಿ ಸುರಿದು, ಎತ್ತುಗಳು ಹಿಂದಕ್ಕೆ ಏರಿ, ಬಾನಿ ಮತ್ತೆ ತುಂಬುವುದಕ್ಕೆ ಇನ್ನೂ 40 ಸೆಕೆಂಡು ಬೇಕಾದರೆ, ಇಡೀ ನಿಮಿಷದ ಸರಾಸರಿ ಅಶ್ವಶಕ್ತಿಯ ಮೂರರಲ್ಲಿ ಒಂದು ಭಾಗಕ್ಕೆ ಇಳಿಯುತ್ತದೆ. ಅದೇ ಜೋಡಿ, ಅದೇ ಬಾವಿ, ಅದೇ ಬಾನಿ. ಜಗ್ಗುವ ಗಳಿಗೆಯ ಶಿಖರಾಂಕ ಒಂದು, ಹೊತ್ತಿನುದ್ದದ ಸರಾಸರಿ ಮತ್ತೊಂದು. ಎರಡೂ ಸುಳ್ಳಲ್ಲ. ಆದರೆ ಪಾತಿಗೆ ಎಷ್ಟು ಹೊತ್ತಿನಲ್ಲಿ ನೀರು ಹಾಯುತ್ತದೆ ಎಂದು ತಿಳಿಯಬೇಕಾದ ಒಕ್ಕಲಿಗನಿಗೆ ಎರಡನೆಯದೇ ಬೇಕು: ನಿಮಿಷಕ್ಕೊಂದು ಬಾನಿಯಂತೆ ತಾಸಿಗೆ 9,000 ಲೀಟರ್.

ಅಶ್ವಶಕ್ತಿ ಎಂಬ ಪದ ಹುಟ್ಟಿದ್ದೂ ಇಂಥದೇ ಒಂದು ಹೋಲಿಕೆಯಿಂದ. 1780ರ ದಶಕದಲ್ಲಿ ಉಗಿಯಂತ್ರವನ್ನು ಮಾರಲು ಹೊರಟ ಜೇಮ್ಸ್ ವಾಟ್, ತನ್ನ ಯಂತ್ರ ಎಷ್ಟು ಕುದುರೆಗಳ ಕೆಲಸ ಮಾಡುತ್ತದೆಂದು ಗಿರಾಕಿಗಳಿಗೆ ತಿಳಿಸಬೇಕಾಗಿತ್ತು. ಗಿರಣಿಯ ಕುದುರೆ 12 ಅಡಿ ತ್ರಿಜ್ಯದ ವೃತ್ತದಲ್ಲಿ ತಾಸಿಗೆ 144 ಸುತ್ತು ಸುತ್ತುತ್ತ 180 ಪೌಂಡು ಬಲದಿಂದ ಎಳೆಯುತ್ತದೆಂದು ಎಣಿಸಿ, ಬಂದ ಗುಣಲಬ್ಧವನ್ನು ದುಂಡಾಗಿಸಿ, ನಿಮಿಷಕ್ಕೆ 33,000 ಅಡಿ-ಪೌಂಡು ಕೆಲಸಕ್ಕೆ ಒಂದು ಅಶ್ವಶಕ್ತಿ ಎಂದು ನಿಗದಿ ಮಾಡಿದ. ಇದು ಇಂದಿನ ಲೆಕ್ಕದಲ್ಲಿ 746 ವಾಟ್. ಯುರೋಪಿನ ಮೆಟ್ರಿಕ್ ಅಶ್ವಶಕ್ತಿ, ಅಂದರೆ ಪಿಎಸ್, 735.5 ವಾಟ್. ವಾಹನಗಳ ಜಾಹೀರಾತುಗಳಲ್ಲಿ ಎಚ್‌ಪಿ, ಪಿಎಸ್ ಎಂಬ ಎರಡು ಅಕ್ಷರಜೋಡಿಗಳು ಒಂದರ ಬದಲು ಒಂದು ಬರುವುದರಿಂದ, ಅವುಗಳ ನಡುವೆ ಶೇಕಡಾ ಒಂದೂವರೆಯಷ್ಟು ಅಂತರವಿದೆಯೆಂಬುದನ್ನು ನೆನಪಿಡಬೇಕು.

ಎಳೆತವನ್ನು ನೇರವಾಗಿ ಅಳೆಯುವ ಉಪಕರಣಕ್ಕೆ ಡೈನಮೋಮೀಟರ್, ಅಂದರೆ ಬಲಮಾಪಕ, ಎಂದು ಹೆಸರು. 1798ರ ಸುಮಾರಿಗೆ ಫ್ರಾನ್ಸಿನ ಎಡ್ಮೆ ರೇನಿಯೆ ರೂಪಿಸಿದ ಬಲಮಾಪಕ ಉಕ್ಕಿನ ಸ್ಪ್ರಿಂಗಿನದಾಗಿದ್ದು, ಮನುಷ್ಯರ ಮುಷ್ಟಿಯ ಬಲವನ್ನೂ ಎಳೆಯುವ ಪ್ರಾಣಿಗಳ ಬಲವನ್ನೂ ಅದರಿಂದ ಅಳೆಯಬಹುದಿತ್ತು. ನೊಗಕ್ಕೂ ನೇಗಿಲಿಗೂ ನಡುವೆ ಅಂಥ ಸ್ಪ್ರಿಂಗನ್ನು ಕಟ್ಟಿ, ಯಾವ ನೇಗಿಲು ಎಷ್ಟು ಭಾರವಾಗಿ ಎಳೆಸುತ್ತದೆಂದು ನೋಡುವ ಕ್ರಮ ಮುಂದೆ ಕೃಷಿ ಪ್ರಯೋಗಗಳಲ್ಲಿ ನೆಲೆಯೂರಿತು. 1821ರಲ್ಲಿ ಗಾಸ್ಪಾರ್ ದ ಪ್ರೋನಿ ಯಂತ್ರದ ತಿರುಗುವ ಗಾಲಿಗೆ ಮರದ ತುಂಡುಗಳನ್ನು ಬಿಗಿದು, ಆ ತಡೆಯನ್ನು ಒಂದು ಉದ್ದನೆಯ ತೋಳಿನ ತುದಿಯ ತೂಕದಿಂದ ತೂಗಿದ. ತಡೆಯೆಂದರೆ ಬ್ರೇಕ್ ಆದ್ದರಿಂದ ಹೀಗೆ ಅಳೆದ ಶಕ್ತಿಗೆ ಬ್ರೇಕ್ ಅಶ್ವಶಕ್ತಿ, ಅಂದರೆ ಇಂದಿನ ಬಿಎಚ್‌ಪಿ, ಎಂಬ ಹೆಸರು ಬಂತು. 1877ರಲ್ಲಿ ವಿಲಿಯಂ ಫ್ರೂಡ್ ಮರದ ಬದಲು ನೀರಿನ ತಡೆಯನ್ನು ಬಳಸಿ ದೊಡ್ಡ ಹಡಗಿನ ಎಂಜಿನ್ನುಗಳನ್ನೂ ಅಳೆಯುವ ದಾರಿ ತೋರಿಸಿದ.

ಈ ಯಂತ್ರವಿದ್ಯೆ ಜತ್ತದ ನೆರೆಗೆ ಬಂದದ್ದು ಕರ್ನಾಟಕದ ನೆಲದಲ್ಲಿ ಹುಟ್ಟಿದ ಒಬ್ಬರ ಮೂಲಕ. ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ 1869ರಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರರು ಬೆಳಗಾವಿಯಲ್ಲಿ ಸೈಕಲ್ ಅಂಗಡಿ ನಡೆಸಿ, ಮೇವು ಕತ್ತರಿಸುವ ಯಂತ್ರ ಮತ್ತು ಕಬ್ಬಿಣದ ನೇಗಿಲುಗಳ ತಯಾರಿಕೆಗೆ ಕೈಹಾಕಿ, 1910ರಲ್ಲಿ ಔಂಧ ಸಂಸ್ಥಾನದ ಅರಸರ ನೆರವಿನಿಂದ ಇಂದಿನ ಸಾಂಗ್ಲಿ ಜಿಲ್ಲೆಯಲ್ಲಿ ಕಿರ್ಲೋಸ್ಕರವಾಡಿಯನ್ನು ಕಟ್ಟಿದರು. ಕಬ್ಬಿಣ ತಾಗಿದರೆ ನೆಲಕ್ಕೆ ವಿಷವೇರುತ್ತದೆಂದು ಅಂಜಿದ ರೈತರು ಮೊದಮೊದಲು ಆ ನೇಗಿಲನ್ನು ಕೊಳ್ಳಲೇ ಇಲ್ಲವೆಂಬ ಮಾತು ಆ ಕಾರ್ಖಾನೆಯ ಇತಿಹಾಸದಲ್ಲಿ ಪ್ರಸಿದ್ಧವಾಗಿದೆ. ಅಂಜಿಕೆ ಕರಗಿದ ಮೇಲೆ ಎದುರಾದದ್ದು ಬಲದ ಪ್ರಶ್ನೆ: ಆಳಕ್ಕೆ ಇಳಿಯುವ ಕಬ್ಬಿಣದ ನೇಗಿಲಿಗೆ ಒಂದು ಜೋಡಿ ಸಾಲದೆ, ಎರಡು, ಮೂರು, ನಾಲ್ಕು ಜೋಡಿಗಳನ್ನು ಸಾಲಾಗಿ ಹೂಡಬೇಕಾಗುತ್ತಿತ್ತು, ಎಂಟೆತ್ತಿನ ಕಮತ ಎಂದರೆ ಊರಿನಲ್ಲಿ ಸ್ಥಿತಿವಂತಿಕೆಯ ಗುರುತಾಗಿತ್ತು. ಹಾಗೆ ಸಾಲಾಗಿ ಹೂಡಿದಾಗ ಎಂಟು ಎತ್ತುಗಳ ಬಲ ಒಂದು ಎತ್ತಿನ ಬಲದ ಎಂಟು ಪಟ್ಟು ಆಗುವುದಿಲ್ಲ. ಮುಂದಿನ ಜೋಡಿಯೂ ಹಿಂದಿನ ಜೋಡಿಯೂ ಒಂದೇ ಗಳಿಗೆಗೆ ಜಗ್ಗದೆ, ಎಳೆತದ ಒಂದು ಪಾಲು ಸರಪಳಿಯಲ್ಲಿಯೇ ಹಂಚಿಹೋಗುತ್ತದೆ. ಹುಟ್ಟಿದ ಬಲ ಒಂದು, ನೇಗಿಲ ಕುಳಕ್ಕೆ ಮುಟ್ಟಿದ ಬಲ ಇನ್ನೊಂದು ಎಂಬ ಈ ಅಂತರ ಎಂಜಿನ್ನಿನ ಕಾಲದಲ್ಲಿ ಬೇರೆ ಹೆಸರಿನಿಂದ ಮತ್ತೆ ಬರುತ್ತದೆ.

1926ರಲ್ಲಿ ಕಿರ್ಲೋಸ್ಕರವಾಡಿಯಲ್ಲಿ ಕೇಂದ್ರಾಪಗಾಮಿ ಪಂಪುಗಳ ತಯಾರಿಕೆ ಮೊದಲಾಯಿತು. 1946ರಲ್ಲಿ ಅದೇ ಸಮೂಹದ ಎಂಜಿನ್ ಕಾರ್ಖಾನೆ ಪುಣೆಯ ಖಡಕಿಯಲ್ಲಿಯೂ ವಿದ್ಯುತ್ ಮೋಟರಿನ ಕಾರ್ಖಾನೆ ಬೆಂಗಳೂರಿನಲ್ಲಿಯೂ ಹುಟ್ಟಿದವು. ಸ್ವಾತಂತ್ರ್ಯಾನಂತರದ ದಶಕಗಳಲ್ಲಿ, ಅದರಲ್ಲಿಯೂ 1972ರ ಭೀಕರ ಬರದ ನಂತರ, ಬಾವಿಗಳು ಆಳವಾದವು, ಕೊಳವೆ ಬಾವಿಗಳು ಬಂದವು, ಎತ್ತು ಇಳಿಯುವ ಇಳಿಜಾರುಗಳು ಹುಲ್ಲು ಬೆಳೆದು ಮುಚ್ಚಿದವು. ಎಚ್‌ಪಿ ಎಂಬ ಎರಡಕ್ಷರ ಕನ್ನಡ ಮರಾಠಿಗಳೆರಡರ ನಿತ್ಯದ ಮಾತಾಯಿತು. ಮೋಟರಿನ ಮೈಮೇಲೆ ಮೊಳೆ ಹೊಡೆದ ತಗಡಿನ ಪಟ್ಟಿಯಲ್ಲಿ ಕೆತ್ತಿದ 5 ಎಚ್‌ಪಿ ಎಂಬುದು ಮೋಟರಿನ ದಂಡಿನ ತುದಿಯಲ್ಲಿ ದೊರೆಯುವ ಶಕ್ತಿ. ಪಂಪಿನ ಕಾರ್ಯಕ್ಷಮತೆ ಶೇಕಡಾ 60 ಇದ್ದರೆ ನೀರಿಗೆ ಮುಟ್ಟುವುದು 3 ಎಚ್‌ಪಿ ಮಾತ್ರ. ಪೈಪಿನ ಘರ್ಷಣೆ, ಇಳಿದ ವೋಲ್ಟೇಜು, ಮೇಲಿಂದ ಮೇಲೆ ಸುತ್ತಿಸಿದ ವೈಂಡಿಂಗು ಅದನ್ನೂ ತಗ್ಗಿಸುತ್ತವೆ. ಕಪಿಲೆಯ ಲೆಕ್ಕ ದೋಣಿಗೆ ಬಿದ್ದ ನೀರಿನಿಂದ ಹೊರಡುತ್ತಿತ್ತು, ಮೋಟರಿನ ಲೆಕ್ಕ ತಗಡಿನ ಪಟ್ಟಿಯಿಂದ ಹೊರಡುತ್ತದೆ. ಅಳತೆಯ ಜಾಗ ಕೆಲಸದ ಕೊನೆಯಿಂದ ಮೊದಲಿಗೆ ಸರಿದದ್ದೇ ಈ ಇತಿಹಾಸದ ಮುಖ್ಯ ತಿರುವು.

ತಗಡಿನ ಪಟ್ಟಿಯ ಅಂಕಿಗೆ ಸರಕಾರವೂ ಬೆಲೆ ಕಟ್ಟಿತು. ಕರ್ನಾಟಕದಲ್ಲಿ 2008ರಿಂದ 10 ಎಚ್‌ಪಿವರೆಗಿನ ಕೃಷಿ ಪಂಪುಸೆಟ್ಟುಗಳಿಗೆ ಉಚಿತ ವಿದ್ಯುತ್ ಇದೆ. ಮಹಾರಾಷ್ಟ್ರ 2024ರಲ್ಲಿ 7.5 ಎಚ್‌ಪಿವರೆಗಿನ ಪಂಪುಗಳಿಗೆ ಅದೇ ಸೌಲಭ್ಯ ಘೋಷಿಸಿತು. ಹೀಗಾಗಿ ಗಡಿಯ ಆಚೆಗೆ ಉಚಿತವಾದ 10 ಎಚ್‌ಪಿ ಮೋಟರು ಈಚೆಗೆ ಉಚಿತದ ಮಿತಿಯನ್ನು ಮೀರುತ್ತದೆ. ದರ ಎಚ್‌ಪಿಯನ್ನು ನೋಡಿ ಬೀಳುವಲ್ಲಿ ಅಂಕಿಯನ್ನು ಕಡಿಮೆ ಬರೆಸುವ ಆಸೆ ಹುಟ್ಟುತ್ತದೆ. ಬಲವನ್ನು ಮಾರುವಲ್ಲಿ ಅದನ್ನೇ ಹೆಚ್ಚು ಬರೆಸುವ ಆಸೆ ಹುಟ್ಟುತ್ತದೆ. ಅಮೆರಿಕದ ನೆಬ್ರಾಸ್ಕ ರಾಜ್ಯದಲ್ಲಿ ಟ್ರ್ಯಾಕ್ಟರ್ ಕಂಪನಿಗಳ ಇಂಥ ಅತಿಶಯೋಕ್ತಿಗೆ ಬೇಸತ್ತು 1919ರಲ್ಲಿ ಕಾಯಿದೆ ಮಾಡಿ, 1920ರಿಂದ ಪ್ರತಿ ಮಾದರಿಯನ್ನೂ ಸ್ವತಂತ್ರವಾಗಿ ಪರೀಕ್ಷಿಸುವ ವ್ಯವಸ್ಥೆ ತರಲಾಯಿತು. ಭಾರತದಲ್ಲಿ ಮಧ್ಯಪ್ರದೇಶದ ಬುದನಿಯ ಕೇಂದ್ರೀಯ ಸಂಸ್ಥೆ ಈ ಕೆಲಸ ಮಾಡುತ್ತ ಬಂದಿದೆ. ಟ್ರ್ಯಾಕ್ಟರಿಗೆ ಎಂಜಿನ್ನಿನ ಎಚ್‌ಪಿ, ಪಿಟಿಒ ಎಚ್‌ಪಿ, ಜಗ್ಗುವ ಕೊಂಡಿಯ ಎಚ್‌ಪಿ ಎಂದು ಮೂರು ಅಂಕಿಗಳಿರುವುದು ಇದರಿಂದಲೇ: ಮೊದಲನೆಯದು ಶಕ್ತಿ ಹುಟ್ಟುವ ಜಾಗದ್ದು, ಎರಡನೆಯದು ಹಿಂಬದಿಯಲ್ಲಿ ತಿರುಗುವ ದಂಡಿನದು, ಮೂರನೆಯದು ರಂಟೆಯನ್ನು ನಿಜವಾಗಿ ಎಳೆಯುವ ಜಾಗದ್ದು, ಕ್ರಮವಾಗಿ ಒಂದಕ್ಕಿಂತ ಒಂದು ಚಿಕ್ಕದು.

ಪಿಕಪ್ ಗಾಡಿಯ ಪರೀಕ್ಷೆಯನ್ನು ಈ ಹಿನ್ನೆಲೆಯಲ್ಲಿಟ್ಟು ಓದಬೇಕು. ಚಾಲಕರ ಮಾತಿನಲ್ಲಿ ಪಿಕಪ್ ಎಂಬುದಕ್ಕೆ ಎರಡು ಅರ್ಥ: ಒಂದು ಗಾಡಿಯ ಹೆಸರು, ಇನ್ನೊಂದು ಅದು ಕಾಲು ಒತ್ತಿದೊಡನೆ ದಮ್ಮು ಹಿಡಿದು ಮುನ್ನುಗ್ಗುವ ಗುಣ. ಎರಡನೆಯ ಅರ್ಥದ ಪಿಕಪ್ಪನ್ನು ಹೆಚ್ಚಿಸಲು ಎಂಜಿನ್ನಿನ ಗಣಕದಲ್ಲಿರುವ ಇಂಧನದ ಲೆಕ್ಕವನ್ನು ಬದಲಿಸುವುದು, ಟರ್ಬೊವಿನ ಗಾಳಿಯ ಒತ್ತಡ ಏರಿಸುವುದು, ಹೊಗೆಕೊಳವೆಯನ್ನು ಸಡಿಲಗೊಳಿಸುವುದು, ದೊಡ್ಡ ಟೈರು ಹಾಕುವುದು ಮುಂತಾದ ಮಾರ್ಪಾಡುಗಳು ಬಳಕೆಯಲ್ಲಿವೆ. ಪುಣೆ, ಬೆಂಗಳೂರಿನಂಥ ನಗರಗಳಲ್ಲಿ ಸಿಗುವ ಚಾಸಿಸ್ ಡೈನಮೋಮೀಟರಿನಲ್ಲಿ ಗಾಡಿಯನ್ನು ಪಟ್ಟಿಗಳಿಂದ ಬಿಗಿದು, ಓಡುವ ಗಾಲಿಗಳನ್ನು ನೆಲದೊಳಗಿನ ರೋಲರುಗಳ ಮೇಲೆ ನಿಲ್ಲಿಸಿ, ಗೇರು ಹಾಕಿ ಪೂರ್ತಿ ವೇಗಕ್ಕೆ ಓಡಿಸುತ್ತಾರೆ. ಒಂದು ಬಗೆಯ ಯಂತ್ರದಲ್ಲಿ, ಭಾರ ಗೊತ್ತಿರುವ ಉರುಳೆ ಎಷ್ಟು ಬೇಗ ವೇಗ ಪಡೆಯಿತೆಂಬುದರಿಂದ ಶಕ್ತಿಯನ್ನು ಲೆಕ್ಕ ಹಾಕುತ್ತಾರೆ. ಇನ್ನೊಂದು ಬಗೆಯಲ್ಲಿ ವಿದ್ಯುತ್ತಿನ ಅಥವಾ ನೀರಿನ ತಡೆಯಿಂದ ರೋಲರನ್ನು ಹಿಡಿದು, ಪ್ರೋನಿಯ ತೋಳಿನ ತತ್ತ್ವದಂತೆಯೇ ಆ ತಡೆಯನ್ನು ತೂಗುತ್ತಾರೆ.

ಯಂತ್ರದಿಂದ ಹೊರಬರುವ ಪತ್ರಿಕೆಯಲ್ಲಿ ಮೊದಲು ನೋಡಬೇಕಾದದ್ದು ಅಳತೆಯ ಜಾಗ. ಕಂಪನಿಯ ಕೈಪಿಡಿಯಲ್ಲಿ 75 ಎಚ್‌ಪಿ ಎಂದಿದ್ದರೆ ಅದು ಎಂಜಿನ್ನಿನ ದಂಡಿನದು. ರೋಲರು ಅಳೆಯುವುದು ಗಾಲಿಗೆ ಮುಟ್ಟಿದ್ದನ್ನು. ಗೇರು ಪೆಟ್ಟಿಗೆ, ಉದ್ದನೆಯ ದಂಡು, ಹಿಂದಿನ ಆಕ್ಸಲ್ಲು, ಟೈರು ಇವುಗಳಲ್ಲಿ ಶೇಕಡಾ 15ರಷ್ಟು ಕಳೆಯುತ್ತದೆಂದು ಎಣಿಸಿದರೆ ರೋಲರಿನ ಮೇಲೆ 64ರ ಆಸುಪಾಸು ಕಾಣುತ್ತದೆ. ಅದನ್ನು ನೋಡಿ ಗಾಡಿ ಕೆಟ್ಟಿದೆಯೆಂದು ತಿಳಿಯುವುದು ತಪ್ಪು. ಮಾರ್ಪಾಡಿನ ನಂತರ ರೋಲರಿನ ಮೇಲೆ 80 ಬಂದರೆ, ಅದೇ ಶೇಕಡಾವಾರು ಲೆಕ್ಕದಿಂದ ಎಂಜಿನ್ನಿನ ಶಕ್ತಿ 94 ಎಂದು ಹೇಳಿಬಿಡುವುದೂ ಅಷ್ಟೇ ಅವಸರದ್ದು. ಘರ್ಷಣೆಯ ಒಂದು ಭಾಗ ಶಕ್ತಿಯೊಡನೆ ಏರದೆ ಹಾಗೆಯೇ ನಿಲ್ಲುವುದರಿಂದ, ಮೊದಲು ಕಳೆಯುತ್ತಿದ್ದ 11 ಎಚ್‌ಪಿಯೇ ಈಗಲೂ ಹೆಚ್ಚುಕಡಿಮೆ ಕಳೆಯುತ್ತಿದ್ದರೆ ನಿಜವಾದ ಅಂಕಿ 91ರ ಹತ್ತಿರ ಇರಬಹುದು. ರೋಲರಿನ ಅಂಕಿಯನ್ನು ರೋಲರಿನ ಅಂಕಿಯೊಡನೆಯೇ, ಅದೇ ಯಂತ್ರದ ಮೇಲೆ, ಅದೇ ಗೇರಿನಲ್ಲಿ, ಅದೇ ಟೈರು ಮತ್ತು ಅದೇ ಗಾಳಿಯ ಒತ್ತಡದಲ್ಲಿ ತೆಗೆದದ್ದರೊಡನೆಯೇ ಹೋಲಿಸುವುದು ಕ್ಷೇಮ. ಉರುಳೆಯ ವೇಗವೃದ್ಧಿಯನ್ನು ನೋಡುವ ಯಂತ್ರದಲ್ಲಿ ಭಾರವಾದ ದೊಡ್ಡ ಟೈರು ತಾನೇ ತಿರುಗುವುದಕ್ಕೆ ಒಂದಿಷ್ಟು ಶಕ್ತಿಯನ್ನು ನುಂಗುವುದರಿಂದ, ಎಂಜಿನ್ನು ಬದಲಾಗದಿದ್ದರೂ ಅಂಕಿ ಇಳಿಯುತ್ತದೆ.

ಎರಡನೆಯದು ಹವೆಯ ತಿದ್ದುಪಡಿ. ತೆಳುವಾದ ಬಿಸಿಗಾಳಿಯಲ್ಲಿ ಆಮ್ಲಜನಕ ಕಡಿಮೆಯಿರುವುದರಿಂದ ಎಂಜಿನ್ನು ಸೊರಗುತ್ತದೆ; ಆದ್ದರಿಂದ ಬೇರೆ ಬೇರೆ ಊರಿನ, ಬೇರೆ ಬೇರೆ ಋತುವಿನ ಅಂಕಿಗಳನ್ನು ಹೋಲಿಸಲು ಅವುಗಳನ್ನು ಒಂದು ಗೊತ್ತಾದ ಹವೆಗೆ ತಿದ್ದುತ್ತಾರೆ. ಅಮೆರಿಕದ ವಾಹನ ಎಂಜಿನಿಯರುಗಳ ಸಂಘದ ಬಳಕೆಯ ಮಾನದಂಡದಲ್ಲಿ ಅದು 25 ಡಿಗ್ರಿ ಸೆಲ್ಸಿಯಸ್ ಮತ್ತು 99 ಕಿಲೋಪಾಸ್ಕಲ್. ದಖನ್ನಿನ ಈ ಭಾಗ ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರದಲ್ಲಿದ್ದು, ಗಾಳಿಯ ಒತ್ತಡ ಕರಾವಳಿಗಿಂತ ಶೇಕಡಾ 7ರಷ್ಟು ಕಡಿಮೆ. ಬೇಸಿಗೆಯ ತಾಪ 40 ಡಿಗ್ರಿ ಮುಟ್ಟಿದ ದಿನ ಪೆಟ್ರೋಲ್ ಎಂಜಿನ್ನಿಗೆಂದು ಮಾಡಿದ ಸೂತ್ರ ಅಂಕಿಗೆ ಶೇಕಡಾ 10ರಷ್ಟು ಸೇರಿಸಿಬಿಡುತ್ತದೆ. ಟರ್ಬೊ ಇರುವ ಡೀಸೆಲ್ ಎಂಜಿನ್ನಿನಲ್ಲಿ, ಹೊರಗಿನ ಗಾಳಿ ತೆಳುವಾದರೂ ಟರ್ಬೊ ತನ್ನ ಗೊತ್ತಾದ ಒತ್ತಡಕ್ಕೆ ಅದನ್ನು ಒತ್ತಿ ಕೊಡುವುದರಿಂದ ಅಷ್ಟು ನಷ್ಟ ಆಗಿಯೇ ಇರುವುದಿಲ್ಲ. ಆಗದ ನಷ್ಟಕ್ಕೆ ಕೊಟ್ಟ ಪರಿಹಾರ ಕಾಗದದ ಮೇಲಿನ ಲಾಭವಾಗಿ ಉಳಿಯುತ್ತದೆ. ಪತ್ರಿಕೆಯ ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿರುವ ತಿದ್ದುಪಡಿಯ ಗುಣಕವನ್ನು ಓದದೆ ಮೇಲಿನ ದಪ್ಪ ಅಂಕಿಯನ್ನು ನಂಬಬಾರದು.

ಮೂರನೆಯದು ಗೆರೆಯ ಆಕಾರ. ಎಂಜಿನ್ನಿನ ತಿರುಚುಬಲವಾದ ಟಾರ್ಕನ್ನು ನ್ಯೂಟನ್ ಮೀಟರಿನಲ್ಲಿಯೂ, ಸುತ್ತುಗಳನ್ನು ನಿಮಿಷದ ಲೆಕ್ಕದಲ್ಲಿಯೂ ತೆಗೆದುಕೊಂಡು ಗುಣಿಸಿ, 9,549ರಿಂದ ಭಾಗಿಸಿದರೆ ಕಿಲೋವಾಟ್ ಬರುತ್ತದೆ. 200 ನ್ಯೂಟನ್ ಮೀಟರ್ ಟಾರ್ಕ್ 1,400 ಸುತ್ತಿನಲ್ಲಿ 39 ಎಚ್‌ಪಿ, ಅದೇ ಟಾರ್ಕ್ 2,200 ಸುತ್ತಿನಲ್ಲಿ 62 ಎಚ್‌ಪಿ. ಶಿಖರದ ಎಚ್‌ಪಿ 3,200 ಸುತ್ತಿನಾಚೆ ಎಲ್ಲೋ ಇರುತ್ತದೆ. ಹೇರು ತುಂಬಿಕೊಂಡು ಏರು ಹತ್ತುವ ಚಾಲಕ ಅಷ್ಟು ಸುತ್ತಿಗೆ ಎಂಜಿನ್ನನ್ನು ಒಯ್ಯುವುದೇ ಅಪರೂಪ. ಮಾರ್ಪಾಡಿನಿಂದ ತುದಿಯ ಅಂಕಿ ಹತ್ತು ಏರಿ, 1,500 ಸುತ್ತಿನ ಸುತ್ತಮುತ್ತ ಟಾರ್ಕ್ ಕುಸಿದಿದ್ದರೆ, ಅದು ಎರೆಮಣ್ಣಿನ ನೇಗಿಲಿಗೆ ಕೃಷ್ಣಾ ಕಣಿವೆಯ ಎತ್ತನ್ನು ಬಿಚ್ಚಿ ಓಟದ ಕಿಲಾರಿಯನ್ನು ಹೂಡಿದಂತೆ. ಆದ್ದರಿಂದ ಮೊದಲಿನ ಮತ್ತು ನಂತರದ ಗೆರೆಗಳನ್ನು ಒಂದರ ಮೇಲೊಂದು ಇಟ್ಟು, ಗಾಡಿ ನಿಜವಾಗಿ ದುಡಿಯುವ ಸುತ್ತುಗಳ ನಡುವೆ ಅಂತರವೆಷ್ಟು ಎಂದು ನೋಡಬೇಕು.

ನಾಲ್ಕನೆಯದು ಹೊತ್ತು. ರೋಲರಿನ ಮೇಲಿನ ಓಟ ಕೆಲವು ಸೆಕೆಂಡುಗಳಲ್ಲಿ ಮುಗಿಯುತ್ತದೆ, ಎದುರಿಗೆ ದೊಡ್ಡ ಫ್ಯಾನು ತಿರುಗುತ್ತಿರುತ್ತದೆ, ಗಾಡಿ ಖಾಲಿಯಿರುತ್ತದೆ. ಹೇರು ಹೊತ್ತು ನಡುಮಧ್ಯಾಹ್ನ ಓಡುವಾಗ ಒಳಬರುವ ಗಾಳಿ ಕಾಯುತ್ತದೆ, ಹೊಗೆಯ ತಾಪ ಏರುತ್ತದೆ, ಎಂಜಿನ್ನಿನ ಗಣಕ ತಾನಾಗಿ ಇಂಧನ ಕಡಿಮೆ ಮಾಡಿ ಕಾಪಾಡಿಕೊಳ್ಳುತ್ತದೆ. ಹೆಚ್ಚಿಗೆ ಸುರಿದ ಡೀಸೆಲಿಗೆ ಸಾಕಷ್ಟು ಗಾಳಿ ಸಿಗದಿದ್ದರೆ ಅದು ಬಲವಾಗದೆ ಕಪ್ಪು ಹೊಗೆಯಾಗುತ್ತದೆ. ಒಂದರ ಹಿಂದೊಂದು ಮೂರು ನಾಲ್ಕು ಓಟಗಳಲ್ಲಿ ಅಂಕಿ ಇಳಿಯುತ್ತ ಹೋದರೆ ಮೊದಲ ಓಟದ ಅಂಕಿ ಬಾನಿ ಏರುವ 20 ಸೆಕೆಂಡಿನ ಶಿಖರಾಂಕದಂತೆ. ಸತ್ಯವಾದರೂ ದಿನದ ದುಡಿಮೆಗೆ ಆಧಾರವಲ್ಲ. ಇವೆಲ್ಲಕ್ಕೂ ಮೇಲೆ ಕಾನೂನಿನ ಮಿತಿಯೊಂದಿದೆ: 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಂ ನೋಂದಣಿಯಲ್ಲಿರುವ ವಿವರಗಳು ತಯಾರಕರು ಮೊದಲು ಗೊತ್ತುಪಡಿಸಿದ್ದಕ್ಕಿಂತ ಬೇರೆಯಾಗುವಂತೆ ವಾಹನವನ್ನು ಬದಲಿಸುವುದನ್ನು ತಡೆಯುತ್ತದೆ, 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಅದನ್ನು ಬಿಗಿಯಾಗಿಯೇ ಅರ್ಥೈಸಿತು. ರೋಲರು ಒಪ್ಪಿದ ಬಲವನ್ನೆಲ್ಲ ರಸ್ತೆ ಒಪ್ಪುವುದಿಲ್ಲ. ಬ್ರೇಕು, ಆಕ್ಸಲ್ಲು, ಕಮಾನು ಪಟ್ಟಿಗಳು ಹಳೆಯ ಬಲಕ್ಕೆ ಮಾಡಿದವು.

ಜತ್ತದ ನೀರಿನ ಪ್ರಶ್ನೆ ಇಂದಿಗೂ ಎತ್ತುವ ಬಲದ ಪ್ರಶ್ನೆಯಾಗಿಯೇ ಉಳಿದಿದೆ. ಮಿರಜ ತಾಲ್ಲೂಕಿನ ಮ್ಹೈಸಾಳದಿಂದ ಕೃಷ್ಣೆಯ ನೀರನ್ನು ಹಂತ ಹಂತವಾಗಿ ದೊಡ್ಡ ಪಂಪುಗಳಿಂದ ಏರಿಸಿ ಈ ಕಡೆಗೆ ತರುವ ಏತ ನೀರಾವರಿ ಯೋಜನೆ ಬಂದಿದೆ. ಗಡಿಯ ಹಳ್ಳಿಗಳ ನೀರಿನ ಬೇಡಿಕೆ ಎರಡೂ ರಾಜ್ಯಗಳಲ್ಲಿ ಚರ್ಚೆಯಾದ 2022ರ ಕೊನೆಯಲ್ಲಿ ಕರ್ನಾಟಕದ ತುಬಚಿ–ಬಬಲೇಶ್ವರ ಏತ ನೀರಾವರಿಯ ನೀರೂ ತಿಕ್ಕುಂಡಿಯ ಕಡೆಗೆ ಹರಿಯಿತು. ಅಂಥ ಯೋಜನೆಯ ಪಂಪುಗಳ ಒಟ್ಟು ಅಶ್ವಶಕ್ತಿ ಎಷ್ಟೇ ಇರಲಿ, ಕೊನೆಯ ಹೊಲದ ಕಾಲುವೆಗೆ ಎಷ್ಟು ಹೊತ್ತಿಗೆ ಎಷ್ಟು ನೀರು ಬಿತ್ತೆಂಬುದರಿಂದಲೇ ಅದನ್ನು ಊರು ಅಳೆಯುತ್ತದೆ.

ಕಪಿಲೆ ಹೊಡೆಯುವವನ ಕಣ್ಣೆದುರಿಗೆ ಶಕ್ತಿಯ ಮೂರು ಅಂಗಗಳೂ ಬಿಚ್ಚಿಟ್ಟಂತೆ ಇದ್ದವು: ಭಾರ ಬಾನಿಯಲ್ಲಿ, ದೂರ ಇಳಿಜಾರಿನಲ್ಲಿ, ಹೊತ್ತು ಅವನು ಎತ್ತುಗಳೊಡನೆ ಹೇಳುತ್ತಿದ್ದ ಹಾಡಿನ ಲಯದಲ್ಲಿ. ರೋಲರಿನ ಪತ್ರಿಕೆಯಲ್ಲಿ ಅವೇ ಮೂರು ಒಂದು ದಪ್ಪ ಅಂಕಿಯೊಳಗೆ ಮಡಚಿಹೋಗಿವೆ. ಎಲ್ಲಿ ಅಳೆದರು, ಯಾವ ಹವೆಗೆ ತಿದ್ದಿದರು, ಯಾವ ಸುತ್ತಿನಲ್ಲಿ, ಎಷ್ಟು ಹೊತ್ತು ಎಂದು ಕೇಳಿದಾಗ ಆ ಮಡಿಕೆ ಮತ್ತೆ ಬಿಚ್ಚಿಕೊಳ್ಳುತ್ತದೆ. ಬಾನಿಯ ಚರ್ಮ ಹರಿದು ಹೋಗಿದೆ, ಹಾಡು ಹೇಳುವವರು ವಿರಳರಾಗಿದ್ದಾರೆ. ಆದರೆ ಪಾಳುಬಿದ್ದ ಬಾವಿಯ ಪಕ್ಕದಲ್ಲಿ ಜಾಲಿ ಬೆಳೆದ ಇಳಿಜಾರೊಂದು ಉಳಿದಿದ್ದರೆ, ಅದನ್ನು ಹೆಜ್ಜೆಯಿಂದ ಅಳೆದು, ಒಂದು ಕಾಲದಲ್ಲಿ ನೀರು ಎಷ್ಟು ಆಳದಿಂದ ಮೇಲೆ ಬರುತ್ತಿತ್ತೆಂಬುದನ್ನು ಇಂದಿಗೂ ಹೇಳಬಹುದು.